ಮಕ್ಕಳನ್ನು ಜಾಂಬೂರಿಗೆ ಕಳುಹಿಸಬಹುದೆ?

ಕಳೆದ ಆಷಾಢಮಾಸದ ಒಂದು ಸಂಜೆ. ಕಪಿಲಾನದಿಗೆ ಹೊಸನೀರು ಬಂದು ನಂಜನಗೂಡಿನ ಸ್ನಾನಘಟ್ಟದ ಕೆಳಗಣ ಮೆಟ್ಟಿಲುಗಳು ಮುಳುಗಿದ್ದುವು. ನಾವು ಜಗಲಿಯ ಮೇಲೆ ಕುಳಿತು ಪಂಚಾಂಗವನ್ನು ತಿರುವಿಹಾಕುತ್ತಿದ್ದಾಗ, ನಮ್ಮ ಬೀದಿಯ ಗೃಹಸ್ಥರೊಬ್ಬರು ಕೈಯಲ್ಲಿ ಒಂದು ಕಾಗದವನ್ನು ಹಿಡಿದುಕೊಂಡು ಬಂದರು. ಇವರು ಒಂದು ಕಾಲದಲ್ಲಿ ನಮ್ಮ ತರಗತಿಯಲ್ಲಿಯೇ ನಿಂತು ‘ರಾಮಃ ರಾಮೌ ರಾಮಾಃ’ ಎಂದು ಒಪ್ಪಿಸಿದವರು. ಅವರ ಹಿಂದೆ ಅವರ ಪತ್ನಿಯವರೂ, ವೃದ್ಧೆಯಾದ ತಾಯಿಯವರೂ, ಹದಿನಾಲ್ಕು ವಯಸ್ಸಿನ ಮಗನೂ ಬಂದರು. ಇಡೀ ಸಂಸಾರವೇ ಹೊರಟು ಬಂದುದನ್ನು ನೋಡಿ, ವಿಷಯವು ಸಣ್ಣದಲ್ಲವೆಂದು ನಮಗೆ ತೋರಿತು.

“ಮೇಷ್ಟ್ರೇ, ಸ್ಕೌಟಿನ ಮಕ್ಕಳ ವಿಶ್ವ ಜಾಂಬೂರಿಯಂತೆ. ಪೋಲೆಂಡ್ ದೇಶದಲ್ಲಂತೆ. ಇವನು ಹೋಗಲೇಬೇಕೆಂದು ಹಟ ಹಿಡಿದಿದ್ದಾನೆ. ಕಳುಹಿಸಬಹುದೋ ಬಾರದೋ ತಾವೇ ಹೇಳಬೇಕು” ಎಂದರು.

ನಾವು ಬಾಯಿ ತೆರೆಯುವುದಕ್ಕೆ ಮೊದಲೇ ಅಜ್ಜಿಯವರು, “ಜಂಬೂಸವಾರಿ ಮೈಸೂರಲ್ಲೇ ಆಗುತ್ತಲ್ಲಪ್ಪ, ಅದನ್ನ ನೋಡೋಕೆ ಮಗು ಅಷ್ಟು ದೂರ ಯಾಕೆ ಹೋಗಬೇಕು?” ಎಂದುಬಿಟ್ಟರು. ಹುಡುಗನು ನಕ್ಕನು, ನಾವು ನಗಲಿಲ್ಲ. ಸಂಸ್ಕೃತವನ್ನು ಓದಿದವರಿಗೆ ಕಂಡ ಕಂಡ ಶಬ್ದಕ್ಕೆಲ್ಲ ಧಾತುವನ್ನು ಹುಡುಕುವ ದುರಭ್ಯಾಸವುಂಟು. ಜಂಬೂವೃಕ್ಷ, ಜಂಬೂದ್ವೀಪ ಎಂದು ಪ್ರಾರಂಭಿಸಿ ಜಾಂಬೂರಿಯವರೆಗೆ ಒಂದು ವ್ಯುತ್ಪತ್ತಿಯನ್ನು ಹೆಣೆಯಬೇಕೆಂದು ನಮಗೂ ಒಮ್ಮೆ ಆಸೆಯಾಗಿದ್ದಿತು. ಆದರೆ ಆ ಶಬ್ದವು ಅಮೆರಿಕಾದೇಶದ ಆಡುಮಾತಿನದು; ಗದ್ದಲದಿಂದ ಕೂಡಿದ ಸಂತೋಷಕೂಟವೆಂದು ಅದರ ಅರ್ಥ. ಅಜ್ಜಿಯವರಿಗೆ ಅಷ್ಟನ್ನು ಹೇಳಿದೆವು. “ಜಾತ್ರೆ ಅನ್ನಿ” ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿದರು. ಅದಕ್ಕಿಂತ ಒಳ್ಳೆಯ ಭಾಷಾಂತರವು ನಮಗೆ ಇದುವರೆಗೂ ಸಿಕ್ಕಿಲ್ಲ.

ವಾಚಕರಲ್ಲಿ ಅನೇಕರಿಗೆ ಪೂರ್ವವೃತ್ತಾಂತವು ತಿಳಿದೇ ಇರಬಹುದು. ತಿಳಿಯದವರಿಗಾಗಿ ನಾಲ್ಕು ಮಾತು. ಬೇಡನ್ ಪೊವೆಲ್ ಎಂಬ ಆಂಗ್ಲ ಸೇನಾನಿಯು 1907ರಲ್ಲಿ ಬ್ರೌನ್‌ಸೀ ಎಂಬ ಪುಟ್ಟ ದ್ವೀಪದಲ್ಲಿ ಸುಮಾರು 20 ಮಂದಿ ಹುಡುಗರನ್ನು ಕಲೆಹಾಕಿ ಶಿಬಿರವನ್ನು ನಡೆಸಿದನು. ಎರಡೇ ವರ್ಷಗಳಲ್ಲಿ, ಎಂದರೆ 1909ರಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ ಭಾರತದ ಮೊದಲನೆಯ ಸ್ಕೌಟುದಳವು ಏರ್ಪಟ್ಟಿತು. ಆದರೆ ಆಗ ಅದು ಐರೋಪ್ಯರ ಮಕ್ಕಳಿಗೆ ಮಾತ್ರ. ನಮ್ಮ ಮಕ್ಕಳಿಗೆ ಆ ಬಾಗಿಲು ತೆರೆಯಬೇಕಾದರೆ ಆನಿ ಬೆಸೆಂಟ್, ಮದನಮೋಹನ ಮಾಳವೀಯ ಮೊದಲಾದವರು ಬೇರೆ ಬೇರೆ ಸಂಘಗಳನ್ನೇ ಕಟ್ಟಬೇಕಾಯಿತು. ಇವೆಲ್ಲವೂ ಕೂಡಿಕೊಂಡು 1950ರಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಒಂದೇ ಸಂಸ್ಥೆಯಾಯಿತು. ವಿಶ್ವ ಜಾಂಬೂರಿಯು 1920ರಲ್ಲಿ ಲಂಡನ್ನಿನಲ್ಲಿ ಪ್ರಾರಂಭವಾಗಿ, ಯುದ್ಧಾದಿ ಕಾರಣಗಳಿಂದ ತಪ್ಪಿದ್ದನ್ನುಳಿದು, ಹೆಚ್ಚುಕಡಮೆ ನಾಲ್ಕು ವರ್ಷಗಳಿಗೊಮ್ಮೆ ಒಂದೊಂದು ದೇಶದಲ್ಲಿ ನಡೆಯುತ್ತ ಬಂದಿದೆ. 14ರಿಂದ 17 ವಯಸ್ಸಿನ ಮಕ್ಕಳಿಗೆ ಅಲ್ಲಿ ಪ್ರವೇಶ. 36 ಮಂದಿ ಮಕ್ಕಳು, ಅವರೊಡನೆ 4 ಮಂದಿ ಹಿರಿಯರು, ಹೀಗೆ ಒಂದು ತಂಡ. ಡೇರೆಯನ್ನು ಅವರೇ ಹಾಕಬೇಕು. ಅಡಿಗೆಯನ್ನು ಅವರೇ ಮಾಡಿಕೊಳ್ಳಬೇಕು.

ಪ್ರಕೃತಕ್ಕೆ ಬರೋಣ. ತಂದೆಗೆ ಖರ್ಚಿನ ಚಿಂತೆ, ಅಜ್ಜಿಗೆ ದೂರದ ಚಿಂತೆ. ತಾಯಿಯವರ ಚಿಂತೆಯೇ ಬೇರೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಮೇಷ್ಟ್ರೇ, 2023ರಲ್ಲಿ ಕೊರಿಯಾದಲ್ಲಿ ಆದದ್ದನ್ನು ನಾನು ಟೀವಿಯಲ್ಲಿ ನೋಡಿದ್ದೇನೆ. ಮಕ್ಕಳು ಬಿಸಿಲಿಗೆ ಬಿದ್ದುಹೋಗುತ್ತಿದ್ದರು” ಎಂದರು.

ನಾವೂ ಅದನ್ನು ನೋಡಿದ್ದೆವು. ದಕ್ಷಿಣ ಕೊರಿಯಾದ ಪಶ್ಚಿಮತೀರದಲ್ಲಿ ಸೆಮಂಗುಮ್ ಎಂಬ ಸ್ಥಳವಿದೆ. ಸಮುದ್ರಕ್ಕೆ ಸುಮಾರು 34 ಕಿಲೋಮೀಟರು ಉದ್ದದ ಕಟ್ಟೆಯನ್ನು ಹಾಕಿ ಪಡೆದ ನೆಲವದು. ಮೊದಲು ಅಲೆ ಬಂದು ಹೋಗುತ್ತಿದ್ದ ಕೆಸರುಬಯಲು. ಅಲ್ಲಿ ಜಾಂಬೂರಿಯಾಗಬೇಕೆಂದು 2017ರಲ್ಲಿಯೇ ನಿಶ್ಚಯವಾಗಿದ್ದಿತು. ಸಿದ್ಧತೆಗೆ ಆರು ವರ್ಷಗಳ ಅವಕಾಶವಿದ್ದಿತು. 2023ರ ಆಗಸ್ಟ್ 1ನೆಯ ತಾರೀಖು 150ಕ್ಕೂ ಮಿಕ್ಕ ದೇಶಗಳಿಂದ 40 ಸಾವಿರಕ್ಕೂ ಹೆಚ್ಚು ಮಂದಿ ಬಂದಿಳಿದಾಗ ಅಲ್ಲಿ ನೆರಳಿಗೆ ಒಂದು ಮರವಿರಲಿಲ್ಲ. ಜುಲೈ ತಿಂಗಳ ಮಳೆಯ ನೀರು ಹರಿದುಹೋಗಲು ದಾರಿಯಿಲ್ಲದೆ ಮಡುಗಟ್ಟಿ ಸೊಳ್ಳೆಗಳು ಹುಟ್ಟಿದ್ದುವು. ಬಿಸಿಲಿನ ಬೇಗೆ 35 ಡಿಗ್ರಿಗಳ ಆಚೆಗೆ. ಕಕ್ಕಸುಗಳು ಸಾಲದು, ಇದ್ದವೂ ಶುಚಿಯಾಗಿರಲಿಲ್ಲ. ನೂರಾರು ಮಕ್ಕಳು ಬೇಗೆಯಿಂದ ಅಸ್ವಸ್ಥರಾದರು. ಎಲ್ಲರಿಗಿಂತ ದೊಡ್ಡ ತಂಡವಾದ ಬ್ರಿಟನ್ನಿನ ಸುಮಾರು 4,500 ಮಂದಿಯನ್ನು ಅವರ ಹಿರಿಯರು ಮೊದಲವಾರದಲ್ಲಿಯೇ ಎಬ್ಬಿಸಿಕೊಂಡು ಸೋಲ್ ನಗರದ ಹೋಟೆಲುಗಳಿಗೆ ಹೋದರು. ಅಮೆರಿಕಾದವರೂ ಸಿಂಗಪುರದವರೂ ಹೊರಟರು. ಉಳಿದವರು ತಂಗಿರಲು, ಖಾನೂನ್ ಎಂಬ ಚಂಡಮಾರುತವು ಆ ಕಡೆಗೆ ತಿರುಗಿದ ವರ್ತಮಾನ ಬಂದಿತು. 8ನೆಯ ತಾರೀಖು ಸಾವಿರಕ್ಕೂ ಮಿಕ್ಕ ಬಸ್ಸುಗಳಲ್ಲಿ ಎಲ್ಲರನ್ನೂ ತುಂಬಿ, ದೇಶದ ನಾನಾ ಕಡೆಗಳ ವಿದ್ಯಾರ್ಥಿನಿಲಯಗಳಿಗೂ ಇತರ ವಸತಿಗಳಿಗೂ ಸಾಗಿಸಿದರು. ಕೆಲವು ಬೌದ್ಧವಿಹಾರಗಳೂ ಮಕ್ಕಳಿಗೆ ಬಾಗಿಲು ತೆರೆದುವು. 11ನೆಯ ತಾರೀಖು ಸೋಲ್ ನಗರದ ಕ್ರೀಡಾಂಗಣವೊಂದರಲ್ಲಿ ಸಂಗೀತದೊಡನೆ ಸಮಾರೋಪವಾಯಿತು. ಭಾರತದ ಮಕ್ಕಳೂ ಈ ಕಷ್ಟದಲ್ಲಿ ಪಾಲುಗೊಂಡರು.

ಜಾಂಬೂರಿಯ ಚರಿತ್ರೆಯನ್ನು ಬಲ್ಲವರು ಇದಕ್ಕೆ ಒಂದು ಸಮಾಧಾನವನ್ನು ಹೇಳುವುದುಂಟು. 1920ರ ಮೊದಲನೆಯ ಕೂಟದಲ್ಲಿಯೇ ಒಂದು ರಾತ್ರಿ ಥೇಮ್ಸ್ ನದಿಯ ನೀರು ಡೇರೆಗಳಿಗೆ ನುಗ್ಗಿತು. 1929ರಲ್ಲಿ ಇಂಗ್ಲೆಂಡಿನ ಆರೋ ಪಾರ್ಕಿನಲ್ಲಿ ಮಳೆ ಹುಯ್ದು, ಶಿಬಿರವೆಲ್ಲ ಮೊಳಕಾಲುದ್ದ ಕೆಸರಾಯಿತು. ಆ ಕೆಸರಿನಲ್ಲಿಯೇ ಮಕ್ಕಳು ಹಾಡಿ ಕುಣಿದರು. ಆ ಶಿಬಿರದ ಕೊನೆಯ ದಿನವೇ ಬೇಡನ್ ಪೊವೆಲನು ಒಂದು ಕೊಡಲಿಯನ್ನು ನೆಲದಲ್ಲಿ ಹೂಳಿ, ಅದಕ್ಕೆ ಬದಲಾಗಿ ಚಿನ್ನದ ಬಣ್ಣದ ಬಾಣಗಳನ್ನು ಮೈತ್ರಿಯ ಗುರುತೆಂದು ದೇಶದೇಶದವರಿಗೆ ಹಂಚಿದನು. 1971ರಲ್ಲಿ ಜಪಾನಿನ ಫೂಜಿ ಪರ್ವತದ ಬುಡದಲ್ಲಿ ಚಂಡಮಾರುತವು ಸಾವಿರಾರು ಮಕ್ಕಳನ್ನು ಡೇರೆಗಳಿಂದ ಎಬ್ಬಿಸಿತು. ಆದಕಾರಣ, ಕಷ್ಟವಿಲ್ಲದ ಶಿಬಿರವು ಶಿಬಿರವೇ ಅಲ್ಲ, ಕೊರಿಯಾದ ಕಷ್ಟವೂ ಶಿಕ್ಷಣವೇ ಎಂದು ಅವರ ವಾದ.

ಈ ವಾದವನ್ನು ನಾವು ಅರ್ಧ ಮಾತ್ರ ಒಪ್ಪುವೆವು. ಮಳೆಯನ್ನು ತರಿಸಿದವರು ಯಾರೂ ಇಲ್ಲ. ಕಕ್ಕಸನ್ನು ಕಟ್ಟಿಸದಿದ್ದವರು ಇದ್ದಾರೆ. ‘ಸಿದ್ಧರಾಗಿರಿ’ ಎಂಬುದು ಸ್ಕೌಟಿನ ಧ್ಯೇಯವಾಕ್ಯ. ಅದನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ ಹಿರಿಯರು ತಾವು ಆರು ವರ್ಷ ಸಿದ್ಧರಾಗದೆ ಇದ್ದು, ಆ ಮೇಲೆ ‘ಸಹಿಸಿಕೊಳ್ಳಿ, ಇದೇ ಶೀಲಸಂಪಾದನೆ’ ಎನ್ನುವುದು ನ್ಯಾಯವಲ್ಲ. ಬ್ರಿಟನ್ನಿನವರು ಎದ್ದು ಹೋದುದನ್ನು ಹೇಡಿತನವೆಂದವರೂ ಉಂಟು. ನಮಗೆ ಹಾಗೆ ತೋರುವುದಿಲ್ಲ. ಹಾಗೆ ತೋರದಿರುವುದಕ್ಕೆ ಕಾರಣವನ್ನು ಹೇಳಬೇಕಾದರೆ ನಮ್ಮ ಒಂದು ಅವಿವೇಕವನ್ನು ವಾಚಕರ ಮುಂದೆ ಬಿಚ್ಚಿಡಬೇಕಾಗುವುದು.

ನಾವು ಉಪಾಧ್ಯಾಯವೃತ್ತಿಗೆ ಸೇರಿದ ಹೊಸದು. ಸ್ಕೌಟು ತರಬೇತಿಯನ್ನು ಆಗತಾನೇ ಮುಗಿಸಿ, ಕೊರಳಿಗೆ ಹೊಸ ಸ್ಕಾರ್ಫನ್ನು ಕಟ್ಟಿಕೊಂಡು, ಎಲ್ಲವನ್ನೂ ಬಲ್ಲೆವೆಂಬ ಗರ್ವದಲ್ಲಿದ್ದ ಕಾಲ. 24 ಮಂದಿ ಹುಡುಗರನ್ನು ಕರೆದುಕೊಂಡು ನಂಜನಗೂಡಿನಿಂದ ಮೇಲುಗಡೆ ಕಪಿಲೆಯ ದಡದ ಒಂದು ಮಾವಿನ ತೋಪಿನಲ್ಲಿ ಡೇರೆ ಹಾಕಿದೆವು. ಶ್ರಾವಣಮಾಸ. ಸಂಜೆಗೆ ನದಿಯ ಬಣ್ಣವು ಕೆಂಪಾಗಿ, ಕಸಕಡ್ಡಿಗಳು ತೇಲಿಬರಹತ್ತಿದುವು. ಹುಡುಗರಲ್ಲಿ ಇಬ್ಬರು, ‘ಸಾರ್, ನೀರು ಏರುತ್ತಿದೆ’ ಎಂದರು. ನಾವು ಅವರಿಗೆ ಧೈರ್ಯದ ವಿಷಯವಾಗಿ ಅರ್ಧ ಗಂಟೆ ಉಪನ್ಯಾಸ ಮಾಡಿದೆವು. ರಾತ್ರಿ ಒಂಬತ್ತರ ಸುಮಾರಿಗೆ ಲಾಟೀನು ಹಿಡಿದು ಬಂದ ಮುದುಕನಾದ ಒಬ್ಬ ಅಂಬಿಗನು, “ಐನೋರೇ, ಬೀಚನಳ್ಳಿ ಕಟ್ಟೇಲಿ ನೀರು ಬುಟ್ಟವ್ರೆ. ಮಕ್ಕಳ್ನ ಕರ್ಕಂಡು ಮ್ಯಾಕ್ಕೋಗಿ” ಎಂದನು. ಬೆಳಗಾಗಲಿ ನೋಡೋಣ, ಮಕ್ಕಳು ಇಂಥದಕ್ಕೆ ಹೆದರಬಾರದು ಎಂದೆವು. ಅವನು ಲಾಟೀನನ್ನು ನಮ್ಮ ಮುಖಕ್ಕೆ ಎತ್ತಿ ಹಿಡಿದು, “ನಿಮ್ಮ ಹೊಟ್ಟೇಲಿ ಹುಟ್ಟಿದ ಮಕ್ಕಳಾಗಿದ್ರೆ ಇಲ್ಲೇ ಮನಗಿಸ್ತಿದ್ರಾ?” ಎಂದು ಕೇಳಿದನು.

ಹುಡುಗರೆಲ್ಲರೂ ಅದನ್ನು ಕೇಳಿದರು. ಉತ್ತರ ಹೇಳಲಾರದೆ ಡೇರೆ ಕಿತ್ತೆವು. ಊರ ಗುಡಿಯ ಪಡಸಾಲೆಯಲ್ಲಿ ರಾತ್ರಿಯನ್ನು ಕಳೆದು, ಬೆಳಗಿನ ಜಾವ ಹೋಗಿ ನೋಡಿದರೆ ನಾವು ಒಲೆ ಹೂಡಿದ್ದ ಸ್ಥಳದಲ್ಲಿ ಎದೆಯುದ್ದ ನೀರು ಸುಳಿಯುತ್ತಿದ್ದಿತು. ಆ ಅಂಬಿಗನು ಈಗಿಲ್ಲ. ಕೊರಿಯಾದಿಂದ ಮಕ್ಕಳನ್ನು ಎಬ್ಬಿಸಿಕೊಂಡು ಹೋದ ಆ ಹಿರಿಯರ ಸಮಾಚಾರವನ್ನು ಓದಿದಾಗ ನಮಗೆ ಅವನ ನೆನಪೇ ಬಂದಿತು.

ಇದನ್ನೆಲ್ಲ ಕೇಳಿ ತಾಯಿಯವರು, “ಹಾಗಾದರೆ ಕಳುಹಿಸಬೇಡಿ ಎನ್ನುತ್ತೀರಾ?” ಎಂದರು. ಹುಡುಗನ ಮುಖವು ಬಾಡಿತು.

ಹಾಗೂ ಅಲ್ಲ. ಶಿಬಿರವು ಕೊಡುವುದನ್ನು ಮನೆಯೂ ಶಾಲೆಯೂ ಕೊಡಲಾರವೆಂಬುದಕ್ಕೆ ನಮಗೆ ದೂರದ ದೃಷ್ಟಾಂತವು ಬೇಕಿಲ್ಲ. 2016ರ ಡಿಸೆಂಬರ್ 29ರಿಂದ 2017ರ ಜನವರಿ 4ರವರೆಗೆ ಹದಿನೇಳನೆಯ ರಾಷ್ಟ್ರೀಯ ಜಾಂಬೂರಿಯು ನಮ್ಮ ತಾಲ್ಲೂಕಿನ ಅಡಕನಹಳ್ಳಿಯಲ್ಲಿಯೇ ನಡೆಯಿತಷ್ಟೆ. ದೇಶದ ನಾನಾ ಪ್ರಾಂತಗಳ ಸಾವಿರಾರು ಮಕ್ಕಳು, ಹೊರದೇಶಗಳಿಂದಲೂ ಕೆಲವರು, ಆ ಬಯಲಿನಲ್ಲಿ ಡೇರೆಗಳ ಊರನ್ನೇ ಕಟ್ಟಿದರು. ಹಗಲು ಧೂಳು, ರಾತ್ರಿ ಮಾಗಿಯ ಚಳಿ. ನಮ್ಮ ದಳದಲ್ಲಿ ಒಬ್ಬ ಹುಡುಗನಿದ್ದನು. ಮನೆಯಲ್ಲಿ ಉಂಡ ತಟ್ಟೆಯನ್ನು ಎತ್ತಿದವನಲ್ಲ. ಮೊದಲನೆಯ ದಿನ ಅವನ ಸರದಿಯ ಉಪ್ಪಿಟ್ಟು ತಳ ಹಿಡಿದು ಕಪ್ಪಾಯಿತು. ಎಂಟು ಮಂದಿಯೂ ಉಪವಾಸ. ಪಕ್ಕದ ಡೇರೆಯ ಅಸ್ಸಾಮಿನ ಹುಡುಗರು ಒಂದು ಮಾತನ್ನೂ ಆಡದೆ ತಮ್ಮ ಅನ್ನದಲ್ಲಿ ಅರ್ಧವನ್ನು ತಂದು ಇಟ್ಟುಹೋದರು. ಆಡೋಣವೆಂದರೆ ಇಬ್ಬರಿಗೂ ತಿಳಿಯುವ ಭಾಷೆ ಇರಲಿಲ್ಲ. ಮರುದಿನ ನಮ್ಮವನು ನಾಲ್ಕು ಗಂಟೆಗೇ ಎದ್ದು ಪಾತ್ರೆ ಬೆಳಗುತ್ತಿದ್ದನು, ಅವರ ಪಾತ್ರೆಗಳನ್ನೂ ಸೇರಿಸಿ. ಬಿಲ್ಲೆಗಳನ್ನು ವಿನಿಮಯ ಮಾಡಿಕೊಳ್ಳುವುದು ಜಾಂಬೂರಿಯ ಪದ್ಧತಿ. ನಮ್ಮ ಹುಡುಗರ ಬಿಲ್ಲೆಗಳು ಎರಡೇ ದಿನದಲ್ಲಿ ಮುಗಿದುಹೋದುದರಿಂದ ನಂಜನಗೂಡಿನ ಹಲ್ಲುಪುಡಿಯ ಪೊಟ್ಟಣಗಳನ್ನು ಕೊಡತೊಡಗಿದರು. ಒಬ್ಬನು ಅದರ ಗುಲಾಬಿ ಬಣ್ಣವನ್ನು ನೋಡಿ ಸಿಹಿತಿಂಡಿಯೆಂದು ತಿಳಿದು ಬಾಯಿತುಂಬ ಹಾಕಿಕೊಂಡದ್ದನ್ನು ಇಲ್ಲಿ ಹೆಚ್ಚಾಗಿ ವರ್ಣಿಸುವುದಿಲ್ಲ.

ಖರ್ಚಿನ ವಿಷಯವೊಂದು ಉಳಿಯಿತು. ವಿಶ್ವ ಜಾಂಬೂರಿಯ ಶುಲ್ಕವನ್ನು ದೇಶದ ಸ್ಥಿತಿಗತಿಗೆ ತಕ್ಕಂತೆ ಹೆಚ್ಚುಕಡಮೆ ಗೊತ್ತುಮಾಡುವರು; ಆದರೂ ವಿಮಾನದ ದರ ಸೇರಿದಾಗ ಅದು ನಮ್ಮಂಥವರ ಮನೆಗಳಿಗೆ ಭಾರವೇ. ಇದನ್ನು ಹೇಳುವಾಗ ನಮಗೆ ತಿ. ನರಸೀಪುರದ ಕಡೆಯ ಒಬ್ಬ ಹುಡುಗಿಯ ನೆನಪಾಗುವುದು. 2019ರ ಫೆಬ್ರವರಿಯ ಕುಂಭಮೇಳದಲ್ಲಿ ಕಾವೇರಿ ಕಪಿಲೆಗಳ ಸಂಗಮದ ಹತ್ತಿರ ಗೈಡು ಮಕ್ಕಳ ಜೊತೆ ಸೇವೆಗೆ ನಿಂತಿದ್ದಳು. ಜನಸಂದಣಿಯಲ್ಲಿ ಮಕ್ಕಳಿಂದ ಅಗಲಿದ ಒಬ್ಬ ಮುದುಕಿಯನ್ನು ಕೈಹಿಡಿದು ಮಧ್ಯಾಹ್ನವೆಲ್ಲ ಸುತ್ತಿ, ಅವಳ ಮನೆಯವರನ್ನು ಹುಡುಕಿ ಒಪ್ಪಿಸಿದವಳು. ಮುಂದೆ ಹೊರದೇಶದ ಒಂದು ಶಿಬಿರದ ಮಾತು ಬಂದಾಗ ಅವಳ ಉಪಾಧ್ಯಾಯಿನಿಯವರು ಅವಳ ಹೆಸರನ್ನೇ ಮೊದಲು ಬರೆದರು. ತಂದೆ ಕೂಲಿಯವರು, ಹಣವಿರಲಿಲ್ಲ, ಹೆಸರನ್ನು ಹೊಡೆದುಹಾಕಿದರು. ಊರಿನಲ್ಲಿ ನಾಲ್ಕು ಮನೆಗಳ ಬಾಗಿಲಿಗೆ ಹೋಗಿ ಕೇಳಬಹುದಾಗಿತ್ತು. ನಾವೂ ಕೇಳಬಹುದಾಗಿತ್ತು; ಕೇಳಲಿಲ್ಲ. ಆ ವಯಸ್ಸು ದಾಟಿಹೋಯಿತು.

ಗೃಹಸ್ಥರು ಕಾಗದವನ್ನು ಮಡಿಸಿ, “ಆ ಪೋಲೆಂಡಿನ ಜಾಗ ಎಂಥದು?” ಎಂದು ಕೇಳಿದರು. ಹುಡುಗನೇ ಉತ್ತರ ಹೇಳಿದನು: ಗ್ಡಾನ್ಸ್ಕ್ ನಗರದ ಸೋಬಿಶೆವೊ ಎಂಬ ದ್ವೀಪ, ಒಂದು ಕಡೆ ವಿಸ್ತುಲಾ ನದಿ, ಇನ್ನೊಂದು ಕಡೆ ಬಾಲ್ಟಿಕ್ ಸಮುದ್ರ. 2021ರಲ್ಲಿಯೇ ಗೊತ್ತುಮಾಡಿದ್ದಾರೆ, 2027ಕ್ಕೆ. “ಮತ್ತೆ ನೀರೇ!” ಎಂದರು ಅಜ್ಜಿಯವರು.

ತಾಯಿಯವರು ಈ ಮಾತುಗಳಿಗೆ ಕಿವಿಗೊಡುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಮೇಷ್ಟ್ರೇ, ಮಕ್ಕಳ ಜೊತೆಗೆ ಹೋಗುವ ಆ ನಾಲ್ಕು ಮಂದಿ ಹಿರಿಯರು ಯಾರು ಎಂಬುದು ಮೊದಲೇ ತಿಳಿಯುವುದೇ? ಅವರಲ್ಲಿ ಒಬ್ಬರನ್ನಾದರೂ ಒಂದು ದಿನ ನಮ್ಮ ಮನೆಗೆ ಊಟಕ್ಕೆ ಕರೆಯಬಹುದೇ? ನಾನು ಅವರನ್ನು ಒಂದು ಮಾತು ಕೇಳಬೇಕು” ಎಂದರು. ಯಾವ ಮಾತೆಂದು ನಾವು ಕೇಳಲಿಲ್ಲ. ಕಾಗದದ ಬೆನ್ನ ಮೇಲೆ ವಿಚಾರಿಸಬೇಕಾದ ಸಂಗತಿಗಳನ್ನು ನಾವೇ ಬರೆದುಕೊಟ್ಟೆವು: ಸ್ಥಳದ ನೆರಳು, ನೀರು, ವೈದ್ಯರು, ಹಿರಿಯರ ಹೆಸರು. ಗೃಹಸ್ಥರು ಅದನ್ನು ಜೇಬಿನಲ್ಲಿಟ್ಟುಕೊಂಡು, ಮೆಟ್ಟಿಲಿಳಿಯುತ್ತ ತಿರುಗಿ ನಿಂತು, “ಆ ನರಸೀಪುರದ ಕಡೆ ಈಗಲೂ ಅಂಥ ಮಕ್ಕಳು ಇರಬಹುದಲ್ಲವೇ ಮೇಷ್ಟ್ರೇ?” ಎಂದರು. ಇರುವರು ಎಂದೆವು.

ಹುಡುಗನು ಅದೇ ವಾರ ತಮ್ಮ ಹಿತ್ತಲಲ್ಲಿ, ನುಗ್ಗೆಮರದ ಕೆಳಗೆ, ಹಳೆಯ ಟಾರ್ಪಾಲಿನಿಂದ ಡೇರೆ ಹಾಕಿ ಮಲಗಿದನಂತೆ. ನಡುರಾತ್ರಿ ಮಳೆ ಬಂದು ಹಾಸಿಗೆ ತೊಯ್ದು, ಅಡಿಗೆಮನೆಯ ಬಾಗಿಲನ್ನು ತಟ್ಟಿದನಂತೆ. ಅಜ್ಜಿಯವರು ಎದ್ದು ತೆಗೆದರಂತೆ. ಮಾರನೆಯ ಸಂಜೆ ನಾವು ಆ ಕಡೆ ಹೋದಾಗ ಅವನು ಗುದ್ದಲಿ ಹಿಡಿದು ಡೇರೆಯ ಸುತ್ತ ಕಾಲುವೆ ತೋಡುತ್ತಿದ್ದನು. ತಾಯಿಯವರು ಹಿತ್ತಲ ಬಾಗಿಲಲ್ಲಿ ನಿಂತು, ಇನ್ನೂ ಸ್ವಲ್ಪ ಆಳವಾಗಲಿ ಎನ್ನುತ್ತಿದ್ದರು.