ಸುಟ್ಟ ಬದನೆಯ ಗೊಜ್ಜು: ಮಯೋನೀಸ್ ಜಾಗಕ್ಕೆ ಮನೆಯದ್ದೇ ಒಂದು ಬಟ್ಟಲು



ಬದನೆ ಎಂದರೆ ಮನೆಯ ಮಕ್ಕಳು ಮೂಗು ಮುರಿಯುತ್ತಾರೆ. ಸಾಂಬಾರಿಗೆ ಹಾಕಿದರೆ ತಟ್ಟೆಯ ಬದಿಗೆ ಸರಿಸಿಡುತ್ತಾರೆ. ಅದೇ ಮಕ್ಕಳು ತೊಕ್ಕೊಟ್ಟು ಪೇಟೆಯಲ್ಲಿ ಶವರ್ಮಾ ತಿನ್ನುವಾಗ ಜೊತೆಗೆ ಕೊಡುವ ಬಿಳಿ ಮಯೋನೀಸನ್ನು ಬೆರಳಲ್ಲಿ ನೆಕ್ಕಿ ಖಾಲಿ ಮಾಡುತ್ತಾರೆ. ಸಾಲದು ಅಂತ ಈಗ ಮನೆಗೂ ಅದರ ಬಾಟಲಿ ಬಂದಿದೆ. ಚಪಾತಿಗೂ ಅದು, ಬ್ರೆಡ್ಡಿಗೂ ಅದು.

ಗಂಡನೋ ಅಣ್ಣನೋ ಗಲ್ಫಿನಲ್ಲಿ ದುಡಿಯುವ ಮನೆ ನಮ್ಮ ಕಡೆ ಬಹಳ ಉಂಟು. ಅವರನ್ನು ಕೇಳಿ ನೋಡಿ. ಅಲ್ಲಿಯ ಹೋಟೆಲುಗಳಲ್ಲಿ ಕುಬೂಸಿನ ಜೊತೆ ಇನ್ನೊಂದು ಬಟ್ಟಲೂ ಬರುತ್ತದೆ. ಅದರ ಹೆಸರು ಮುತಬ್ಬಲ್. ನೋಡಲಿಕ್ಕೆ ಅದೂ ಬಿಳಿಚು, ಅದನ್ನೂ ಅದ್ದಿಕೊಂಡು ತಿನ್ನುವುದು. ಆದರೆ ಅದು ಬೆಂಕಿಯಲ್ಲಿ ಸುಟ್ಟ ಬದನೆ, ಅರೆದ ಎಳ್ಳು, ಲಿಂಬೆರಸ, ಬೆಳ್ಳುಳ್ಳಿ, ಇಷ್ಟೇ. ಎಳ್ಳು ಹಾಕದೆ ಟೊಮೆಟೊ, ನೀರುಳ್ಳಿ ಸೇರಿಸುವ ಇನ್ನೊಂದು ಬಗೆಯೂ ಇದೆ, ಅದನ್ನು ಬಾಬಾ ಗನೂಷ್ ಎನ್ನುತ್ತಾರೆ. ಇದು ನಮಗೇನೂ ಹೊಸತಲ್ಲ. ಕರಾವಳಿಯ ಅಜ್ಜಿಯಂದಿರು ಕೆಂಡದಲ್ಲಿ ಗುಳ್ಳ ಸುಟ್ಟು, ಕಾಯಿಮೆಣಸು, ಉಪ್ಪು, ಹುಳಿ ಹಾಕಿ ಕಿವುಚಿ, ಮೇಲಿಂದ ಹಸಿ ತೆಂಗಿನೆಣ್ಣೆ ಬಿಟ್ಟು ಗಂಜಿಗೆ ಕೊಡುತ್ತಿದ್ದ ಬಜ್ಜಿಯ ಅಣ್ಣನೋ ತಮ್ಮನೋ ಇದು. (ಇಲ್ಲಿ ಬಜ್ಜಿ ಎಂದರೆ ಕಡಲೆಹಿಟ್ಟಿನದ್ದಲ್ಲ, ಅದು ನಮಗೆ ಪೋಡಿ.) ಘಟ್ಟದ ಮೇಲೆ ಇದನ್ನೇ ಸುಟ್ಟ ಬದನೆಕಾಯಿ ಗೊಜ್ಜು ಎನ್ನುತ್ತಾರೆ.

ಹೆಸರಿನಲ್ಲೂ ಈ ನಂಟು ಕಾಣುತ್ತದೆ. ಬದನೆ ನಮ್ಮ ದೇಶದ್ದೇ ಹಳೆಯ ತರಕಾರಿ. ಸಂಸ್ಕೃತದ ವಾತಿಂಗಣ ಪರ್ಷಿಯಾಕ್ಕೆ ಹೋಗಿ ಬಾದಿಂಗಾನ್ ಆಯಿತು, ಅರಬರ ಬಾಯಲ್ಲಿ ಬಾದಿಂಜಾನ್, ಪೋರ್ಚುಗೀಸರಲ್ಲಿ ಬೆರಿಂಜೆಲಾ. ಕೊನೆಗೆ ಅದೇ ಬ್ರಿಂಜಾಲ್ ಆಗಿ ನಮ್ಮ ಅಂಗಡಿಯ ಚೀಟಿಗೆ ವಾಪಸು ಬಂದಿದೆ.

ಮಯೋನೀಸ್ ಯಾಕೆ ಬೇಡ?

ಮಯೋನೀಸ್ ಎಂದರೆ ಎಣ್ಣೆಯನ್ನು ಮೊಟ್ಟೆಯ ಜೊತೆ ಕಡೆದು ಗಟ್ಟಿ ಮಾಡಿದ್ದು. ಹಸಿ ಮೊಟ್ಟೆಯಲ್ಲಿ ರೋಗಾಣು ಇದ್ದರೆ ಅದು ಸಾಯುವುದಿಲ್ಲ, ಯಾಕೆಂದರೆ ಎಲ್ಲಿಯೂ ಬೇಯಿಸುವ ಕ್ರಮವೇ ಇಲ್ಲ. ಸೆಕೆಯಲ್ಲಿ ಹೊರಗೆ ಇಟ್ಟಷ್ಟು ಹೊತ್ತೂ ಅದು ಬೆಳೆಯುತ್ತಾ ಹೋಗುತ್ತದೆ. 2022ರ ಮೇ ತಿಂಗಳಲ್ಲಿ ಪಕ್ಕದ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ಹಲವರು ಆಸ್ಪತ್ರೆ ಸೇರಿದರು, ಶಾಲೆಗೆ ಹೋಗುವ ಒಬ್ಬ ಹುಡುಗಿ ತೀರಿಕೊಂಡಳು. ಪರೀಕ್ಷೆಯಲ್ಲಿ ಷಿಗೆಲ್ಲಾ ಎಂಬ ರೋಗಾಣು ಪತ್ತೆಯಾಯಿತು. ಅಲ್ಲಿ ತಪ್ಪು ಮಯೋನೀಸಿನದ್ದೇ ಎಂದು ನಾವು ಹೇಳುತ್ತಿಲ್ಲ. ಆದರೆ ಇಂಥ ಪ್ರಕರಣಗಳು ಮುಂದುವರಿದಾಗ 2023ರ ಜನವರಿಯಲ್ಲಿ ಕೇರಳ ಸರಕಾರ ಹಸಿ ಮೊಟ್ಟೆಯ ಮಯೋನೀಸನ್ನು ನಿಷೇಧಿಸಿತು. 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಕೂಡ ಒಂದು ವರ್ಷದ ಮಟ್ಟಿಗೆ ನಿಷೇಧ ಹೇರಿತು.

"ನಮ್ಮದು ಮೊಟ್ಟೆ ಇಲ್ಲದ ಬಾಟಲಿ, ಏನೂ ಆಗುವುದಿಲ್ಲ" ಎನ್ನುವವರಿದ್ದಾರೆ. ರೋಗಾಣುವಿನ ಹೆದರಿಕೆ ಅದರಲ್ಲಿ ಕಡಿಮೆ, ಸರಿ. ಆದರೆ ಅದರಲ್ಲೂ ದೊಡ್ಡ ಪಾಲು ಎಣ್ಣೆಯೇ. ಸಾಮಾನ್ಯ ಮಯೋನೀಸಿನ ಒಂದು ದೊಡ್ಡ ಚಮಚದಲ್ಲಿ 90ರಿಂದ 100 ಕ್ಯಾಲೊರಿ ಇರುತ್ತದೆ. ಇನ್ನು ಬದನೆಯ ಲೆಕ್ಕ ನೋಡಿ. 100 ಗ್ರಾಂ ಬದನೆಯಲ್ಲಿ 90 ಗ್ರಾಂಗಿಂತ ಹೆಚ್ಚು ನೀರು, 25 ಕ್ಯಾಲೊರಿಯ ಆಸುಪಾಸು ಶಕ್ತಿ, ಸುಮಾರು 3 ಗ್ರಾಂ ನಾರು. ಕೆಳಗೆ ಹೇಳುವ ಅಳತೆಯಲ್ಲಿ ಎಳ್ಳು, ಎಣ್ಣೆ, ಮೊಸರು ಎಲ್ಲ ಸೇರಿ ಇಡೀ ಬಟ್ಟಲಿಗೆ 300 ಕ್ಯಾಲೊರಿ ಆದೀತು. ಮೂರು ಚಮಚ ಮಯೋನೀಸಿನಲ್ಲಿ ಇರುವುದೂ ಅಷ್ಟೇ. ಬಟ್ಟಲು ಐದು ಜನಕ್ಕೆ ಸಾಕು, ಮೂರು ಚಮಚ ಒಬ್ಬನಿಗೇ ಸಾಲದು.

ಬದನೆಯನ್ನು ಹುರಿದರೂ ಈ ಲಾಭ ಸಿಗುವುದಿಲ್ಲ. ಬದನೆಯ ತಿರುಳು ಸ್ಪಂಜಿನ ಹಾಗೆ, ಒಳಗೆಲ್ಲ ಗಾಳಿಯ ಗೂಡು. ಬಾಣಲೆಗೆ ಎಷ್ಟು ಎಣ್ಣೆ ಹಾಕಿದರೂ ಕುಡಿಯುತ್ತದೆ. ಸುಟ್ಟರೆ ಆ ಗೂಡುಗಳೆಲ್ಲ ಕುಸಿದು ತನ್ನ ನೀರಿನಲ್ಲೇ ಬೇಯುತ್ತದೆ. ಆಮೇಲೆ ರುಚಿಗೆಂದು ಒಂದು ಚಮಚ ಎಣ್ಣೆ ಬಿಟ್ಟರೆ ಸಾಕು.

ಬದನೆ ಆರಿಸುವಾಗ

ದೊಡ್ಡ ನೇರಳೆ ಬದನೆ ಆದೀತು, ನಮ್ಮ ಹಸಿರು ಗುಳ್ಳ ಇನ್ನೂ ಒಳ್ಳೆಯದು. ಉಡುಪಿ ಜಿಲ್ಲೆಯ ಕಟಪಾಡಿ ಹತ್ತಿರದ ಮಟ್ಟು ಗ್ರಾಮದ ಗುಳ್ಳವನ್ನು ಕೇಳದವರಿಲ್ಲ. ಸೋದೆ ಮಠದ ವಾದಿರಾಜ ಸ್ವಾಮಿಗಳು ಅದರ ಬೀಜ ಕೊಟ್ಟರು ಎಂದು ಊರಿನವರ ನಂಬಿಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆದರೆ ಸಂತೆಯಲ್ಲಿ ಉರುಟಾಗಿ ಹಸಿರಾಗಿ ಕಂಡದ್ದೆಲ್ಲ ಮಟ್ಟುಗುಳ್ಳ ಅಲ್ಲ, ಹೆಸರಿಗೆ ಹೆಚ್ಚು ದುಡ್ಡು ಕೊಡುವ ಮೊದಲು ವಿಚಾರಿಸಿ. ಮನೆಯ ಹಿಂದೆ ಗೋಣಿಚೀಲದಲ್ಲಿ ಬೆಳೆದ ಬದನೆಯೂ ಗೊಜ್ಜಿಗೆ ಧಾರಾಳ ಸಾಕು.

ಸಿಪ್ಪೆ ಹೊಳೆಯುತ್ತಿರಬೇಕು, ತೊಟ್ಟು ಹಸಿರಾಗಿರಬೇಕು. ಹೆಬ್ಬೆರಳಲ್ಲಿ ಮೆಲ್ಲ ಒತ್ತಿದರೆ ತಗ್ಗು ಮತ್ತೆ ಮೇಲೆ ಬರಬೇಕು. ಹಳದಿ ತಿರುಗಿದ್ದು ಬಲಿತದ್ದು, ಬೀಜ ಗಟ್ಟಿಯಾಗಿ ಕಹಿ ಬರುತ್ತದೆ. ಬದನೆಗೆ ದೊಡ್ಡ ಶತ್ರು ಕಾಯಿಕೊರಕ ಹುಳು. ಅದಕ್ಕೇ ಹೊಲದಲ್ಲಿ ಮತ್ತೆ ಮತ್ತೆ ಔಷಧಿ ಹೊಡೆಯುತ್ತಾರೆ. ಆದ್ದರಿಂದ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ. ಸುಟ್ಟ ಮೇಲೆ ಸಿಪ್ಪೆ ಬಿಸಾಡುವುದರಿಂದ ಮೇಲೆ ಅಂಟಿದ್ದು ಇನ್ನಷ್ಟು ಹೋಗುತ್ತದೆ.

ಇಡೀ ಬದನೆಯನ್ನು ಹಾಗೆಯೇ ಬೆಂಕಿಗೆ ಇಡಬೇಡಿ. ತೊಟ್ಟು ಬಿಡದ ಹಾಗೆ ಕೆಳಗಿನಿಂದ ನಾಲ್ಕು ಸೀಳು ಮಾಡಿ, ಬಿಡಿಸಿ, ಒಳಗೆ ಹುಳು ಉಂಟಾ ನೋಡಿ. ಸುಟ್ಟ ಮೇಲೆ ಹುಳು ಯಾವುದು ಬೀಜ ಯಾವುದು ಗೊತ್ತಾಗುವುದಿಲ್ಲ. ಸೀಳಿದರೆ ಒಳಗಿನ ಆವಿಗೂ ದಾರಿ ಆಗುತ್ತದೆ, ಇಲ್ಲದಿದ್ದರೆ ಕೆಲವೊಮ್ಮೆ ಬದನೆ ಒಲೆಯ ಮೇಲೆ ಸಿಡಿಯುವುದುಂಟು.

ಸುಡುವುದು

ಕೆಂಡಕ್ಕೆ ಸಮ ಯಾವುದೂ ಇಲ್ಲ. ಬಚ್ಚಲಿನ ಹಂಡೆ ಒಲೆಯಲ್ಲಿ ತೆಂಗಿನ ಗೆರಟೆ ಉರಿದು ಕೆಂಡವಾದ ಮೇಲೆ ಬದನೆ ಇಟ್ಟರೆ ಗ್ಯಾಸಿನ ಖರ್ಚೂ ಇಲ್ಲ, ಹೊಗೆಯ ಪರಿಮಳವೂ ಸಿಗುತ್ತದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಬೆಂಕಿ ಹೊತ್ತಿಸಲು ಪ್ಲಾಸ್ಟಿಕ್ ತೊಟ್ಟೆ, ಹಾಲಿನ ಪ್ಯಾಕೆಟ್ ಹಾಕುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಆ ಒಲೆಯಲ್ಲಿ ಸುಟ್ಟದ್ದನ್ನು ತಿನ್ನಬೇಡಿ, ಆ ವಿಷದ ಹೊಗೆ ಬದನೆಗೆ ಹಿಡಿಯುತ್ತದೆ. ಒಣ ಮಡಲು, ಕಾಗದ ಸಾಕು.

ಗ್ಯಾಸ್ ಒಲೆಯಾದರೆ ಚಪಾತಿ ಸುಡುವ ಜಾಲರಿ ಇಟ್ಟು, ಸಣ್ಣ ಉರಿಯಲ್ಲಿ, ಐದು ನಿಮಿಷಕ್ಕೊಮ್ಮೆ ತಿರುಗಿಸುತ್ತಾ ಇರಿ. ಕಾಲು ಕಿಲೋದ ಬದನೆಗೆ 15ರಿಂದ 20 ನಿಮಿಷ ಬೇಕು. ಬೀಡಿ ಕಟ್ಟುತ್ತಾ ಕುಳಿತವರು ಒಲೆಯ ಕಡೆ ಒಂದು ಕಣ್ಣಿಟ್ಟರೆ ಸಾಕು, ಆದರೆ ಮುಟ್ಟುವ ಮೊದಲು ಹೊಗೆಸೊಪ್ಪಿನ ಕೈಯನ್ನು ಸಾಬೂನು ಹಾಕಿ ತೊಳೆಯಲೇಬೇಕು. ಉರಿ ಜೋರು ಮಾಡಿದರೆ ಹೊರಗೆ ಕರಿ, ಒಳಗೆ ಹಸಿ. ತೊಟ್ಟಿನ ಬುಡಕ್ಕೆ ಹಿಡಿಕಡ್ಡಿ ಚುಚ್ಚಿ ನೋಡಿ. ಬೆಣ್ಣೆಗೆ ಹೋದ ಹಾಗೆ ಹೋದರೆ ಬೆಂದಿದೆ. ಆ ಭಾಗವೇ ಕೊನೆಗೆ ಬೇಯುವುದು.

ಇಳಿಸಿದ ಕೂಡಲೇ ಒಂದು ಪಾತ್ರೆಗೆ ಹಾಕಿ ಹತ್ತು ನಿಮಿಷ ಮುಚ್ಚಿಡಿ. ಆವಿಗೆ ಸಿಪ್ಪೆ ತಾನೇ ಸಡಿಲವಾಗುತ್ತದೆ. ಕೈ ಒದ್ದೆ ಮಾಡಿಕೊಂಡು ಸುಲಿಯಿರಿ. ನಲ್ಲಿಯ ಕೆಳಗೆ ಹಿಡಿದು ತೊಳೆಯುವವರಿದ್ದಾರೆ, ಹಾಗೆ ಮಾಡಿದರೆ ಪರಿಮಳ ಎಲ್ಲ ಚರಂಡಿಗೆ. ಕರಿ ಚೂರು ಒಂದೆರಡು ಉಳಿದರೆ ಪರವಾಗಿಲ್ಲ, ಹೊತ್ತಿದ ಸಿಪ್ಪೆಯನ್ನು ಮಾತ್ರ ಸೇರಿಸಬೇಡಿ. ಸುಲಿದ ತಿರುಳನ್ನು ಜರಡಿಯಲ್ಲಿ ಹತ್ತು ನಿಮಿಷ ಇಟ್ಟರೆ ಕಂದು ನೀರು ಇಳಿಯುತ್ತದೆ. ಕಹಿಯ ಅಂಶವೂ ಅದರ ಜೊತೆ ಹೋಗುತ್ತದೆ, ಗೊಜ್ಜು ನೀರು ನೀರಾಗುವುದೂ ತಪ್ಪುತ್ತದೆ. ಅರ್ಧ ಕಿಲೋ ಬದನೆಗೆ ಕಾಲು ಕಿಲೋಕ್ಕಿಂತ ತುಸು ಹೆಚ್ಚು ತಿರುಳು ಸಿಗುತ್ತದೆ.

ಕಲಸುವುದು

ಎರಡು ದೊಡ್ಡ ಚಮಚ ಬಿಳಿ ಎಳ್ಳನ್ನು ಬಾಣಲೆಯಲ್ಲಿ ಚಟಪಟ ಅನ್ನುವ ತನಕ ಮಾತ್ರ ಹುರಿಯಿರಿ. ಕೆಂಪಗಾದರೆ ಕಹಿ. ತಣಿದ ಮೇಲೆ ಮಿಕ್ಸಿಯ ಸಣ್ಣ ಜಾರಿನಲ್ಲಿ ಪುಡಿ ಮಾಡಿ, ಅರ್ಧ ಲಿಂಬೆಯ ರಸ, ಎರಡು ಚಮಚ ತಣ್ಣೀರು ಹಾಕಿ ಮತ್ತೆ ಅರೆದರೆ ಬೆಳ್ಳಗೆ ನುಣ್ಣಗಾಗುತ್ತದೆ. ಗಲ್ಫಿನಿಂದ ಬರುವ ತಹಿನಿ ಡಬ್ಬಿ ಎಂದರೆ ಅರೆದ ಎಳ್ಳೇ, ಅದಕ್ಕಾಗಿ ಸಾಲ ಮಾಡಬೇಕಾಗಿಲ್ಲ.

ಬದನೆಯನ್ನು ಮಾತ್ರ ಮಿಕ್ಸಿಗೆ ಹಾಕಬೇಡಿ. ಬೀಜ ಒಡೆದು ಅಂಟಿನ ಹಾಗಾಗುತ್ತದೆ. ಮರದ ಸೌಟಿನಲ್ಲೋ ಕೈಯಲ್ಲೋ ಕಿವುಚಿ. ಒಂದು ಎಸಳು ಬೆಳ್ಳುಳ್ಳಿಯನ್ನು ಅರ್ಧ ಸಣ್ಣ ಚಮಚ ಉಪ್ಪಿನ ಜೊತೆ ಜಜ್ಜಿ ಹಾಕಿ. ಅರೆದ ಎಳ್ಳು, ಮೂರು ಚಮಚ ಗಟ್ಟಿ ಮೊಸರು ಸೇರಿಸಿ ಕಲಸಿ. ಮೇಲಿಂದ ಒಂದು ಸಣ್ಣ ಚಮಚ ತೆಂಗಿನೆಣ್ಣೆ, ಕೊತ್ತಂಬರಿ ಸೊಪ್ಪು. ಬಿ.ಪಿ. ಇದ್ದವರು ಉಪ್ಪು ಇನ್ನೂ ಕಡಿಮೆ ಮಾಡಿ ಲಿಂಬೆ ಹೆಚ್ಚು ಹಾಕಿ, ನಾಲಿಗೆಗೆ ಗೊತ್ತಾಗುವುದಿಲ್ಲ. ದೊಡ್ಡವರಿಗೆ ಗಾಂಧಾರಿ ಮೆಣಸು ಒಂದು ನುರಿದರೆ ಗಂಜಿ ಎರಡು ಸೌಟು ಹೆಚ್ಚೇ ಹೋದೀತು, ಸಕ್ಕರೆ ಕಾಯಿಲೆಯವರು ಅದನ್ನೂ ನೋಡಿಕೊಳ್ಳಬೇಕು! ಮಕ್ಕಳಿಗೆ ಮೆಣಸು ಬೇಡ. ಚಪಾತಿ, ನೀರುದೋಸೆ, ಉದ್ದುದ್ದ ಹೆಚ್ಚಿದ ಮುಳ್ಳುಸೌತೆ, ಕ್ಯಾರೆಟ್ ಜೊತೆ ಕೊಡಿ. ಮೊದಲ ದಿನ "ಇದು ಬದನೆ" ಎಂದು ಹೇಳದಿದ್ದರೂ ನಡೆಯುತ್ತದೆ.

ಎಲ್ಲರಿಗೂ ಆಗುತ್ತದೆಯೇ?

ಬದನೆ ತಿಂದರೆ ಬಾಯಿ, ಗಂಟಲು ತುರಿಸುವವರು ಕೆಲವರಿರುತ್ತಾರೆ. ಎಳ್ಳು ಆಗದವರೂ ಇರುತ್ತಾರೆ. ಅಂಥವರಿಗೆ ಒತ್ತಾಯ ಬೇಡ. ಬದನೆ ತಿಂದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ಮೊಬೈಲಿನಲ್ಲಿ ಬರುವುದನ್ನು ನಂಬಿ ಮಾತ್ರೆ ಬಿಡಬೇಡಿ. ಅದರಲ್ಲಿ ಪಿಷ್ಟ ಕಡಿಮೆ, ನಾರು ಉಂಟು, ಹಾಗಾಗಿ ಅವರ ಊಟಕ್ಕೆ ಹೊಂದುತ್ತದೆ, ಅಷ್ಟೇ. ಹೆಚ್ಚಿಟ್ಟ ಬದನೆ ಕಪ್ಪಾಗುವುದನ್ನು ಕಂಡು ಅದರಲ್ಲಿ ಕಬ್ಬಿಣದ ಅಂಶ ತುಂಬಾ ಇದೆ ಎಂದು ತಿಳಿಯುವುದೂ ಸರಿಯಲ್ಲ. ಅದು ಗಾಳಿ ತಾಗಿ ಆಗುವ ಬಣ್ಣ. ರಕ್ತ ಕಡಿಮೆ ಇರುವ ತಾಯಂದಿರಿಗೆ ಬಸಳೆ, ಹರಿವೆ, ಹುರುಳಿ, ಮೀನು ಬೇಕೇ ಬೇಕು, ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಯೂ ಬೇಕು. ಮನೆಯವರಿಗೆಲ್ಲ ಬಡಿಸಿ ಬಟ್ಟಲಿನ ತಳ ಮಾತ್ರ ತಮಗೆ ಇಟ್ಟುಕೊಳ್ಳುವುದು ನಮ್ಮ ಹೆಂಗಸರ ಅಭ್ಯಾಸ. ಈ ಅಳತೆ ಐದು ಜನಕ್ಕೆ, ಐದರಲ್ಲಿ ನೀವೂ ಒಬ್ಬರು.

ಬಾಟಲಿಗೆ ಹಾಕಿ ಮಾರಬಹುದೇ?

ಗುಂಪಿನಲ್ಲಿ ಮಾಡಿ ರುಚಿ ನೋಡಿದರೆ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಉಪ್ಪಿನಕಾಯಿ ಮಾರುತ್ತೇವಲ್ಲ, ಇದನ್ನೂ ಎಣ್ಣೆ ಹಾಕಿ ಮುಚ್ಚಿಟ್ಟರೆ ಆಗದೇ? ಆಗುವುದಿಲ್ಲ. ಉಪ್ಪಿನಕಾಯಿಯನ್ನು ಕಾಯುವುದು ಅದರ ಭಾರೀ ಉಪ್ಪು ಮತ್ತು ಹುಳಿ. ಸುಟ್ಟ ಬದನೆಯಲ್ಲಿ ನೀರು ಜಾಸ್ತಿ, ಹುಳಿ ಕಡಿಮೆ. ಮಣ್ಣಿನಲ್ಲಿ ಬೊಟುಲಿನಂ ಎಂಬ ಒಂದು ರೋಗಾಣುವಿನ ಬೀಜಕಣ ಇರುತ್ತದೆ. ಅದು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಗಾಳಿ ಆಡದ, ಹುಳಿ ಇಲ್ಲದ, ಬೆಚ್ಚಗಿನ ಜಾಗ ಸಿಕ್ಕಿದರೆ ಅದು ಮೊಳೆತು ವಿಷ ಬಿಡುತ್ತದೆ. ಮೇಲೆ ಎಣ್ಣೆ ತುಂಬಿ ಬಿಗಿದ ಬಾಟಲಿ ಎಂದರೆ ಅದಕ್ಕೆ ಬೇಕಾದ ಜಾಗವೇ. ವಾಸನೆ, ರುಚಿ ಕೆಡದೆಯೂ ವಿಷವಾಗಿರಬಹುದು, ಉಸಿರಾಟದ ಸ್ನಾಯುಗಳೇ ನಿಂತುಹೋಗುವಷ್ಟು ಕೆಟ್ಟ ವಿಷ. ಎಣ್ಣೆಯಲ್ಲಿ ಮುಳುಗಿಸಿಟ್ಟ ಹಸಿ ಬೆಳ್ಳುಳ್ಳಿಗೂ ಇದೇ ಮಾತು.

ಮನೆಯಲ್ಲಾದರೆ ಮಾಡಿದ್ದನ್ನು ಎರಡು ಗಂಟೆಯೊಳಗೆ ತಿನ್ನಿ, ಉಳಿದರೆ ಫ್ರಿಜ್ಜಿನಲ್ಲಿಟ್ಟು ಮರುದಿನದೊಳಗೆ ಮುಗಿಸಿ. (ಫ್ರಿಜ್ಜಿನಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟಿ ಬಿಳಿ ಚುಕ್ಕೆ ಕಾಣುತ್ತದೆ. ಅದು ಬೂಸ್ಟು ಅಲ್ಲ, ಹೆದರಬೇಡಿ.) ಮೇಳದಲ್ಲಿ, ಹಬ್ಬದ ಸಂತೆಯಲ್ಲಿ ಸ್ಟಾಲ್ ಹಾಕುವ ಗುಂಪಿನವರು ಬದನೆಯನ್ನು ಅಲ್ಲೇ ಕೆಂಡದಲ್ಲಿ ಸುಟ್ಟು, ಸ್ವಲ್ಪ ಸ್ವಲ್ಪವೇ ಕಲಸಿ, ನೀರುದೋಸೆ ಅಥವಾ ಚಪಾತಿಯ ಜೊತೆ ಬಿಸಿಬಿಸಿ ಕೊಡಿ. ಸುಡುವ ಪರಿಮಳಕ್ಕೇ ಜನ ನಿಲ್ಲುತ್ತಾರೆ. ಎಳ್ಳಿನ ಪೇಸ್ಟನ್ನು ಮಾತ್ರ ಹಿಂದಿನ ದಿನ ಮಾಡಿ ಫ್ರಿಜ್ಜಿನಲ್ಲಿಡಬಹುದು. ಮೊಸರನ್ನು ಐಸ್ ಪೆಟ್ಟಿಗೆಯಲ್ಲಿ ಒಯ್ಯಿರಿ. 2006ರ ಆಹಾರ ಸುರಕ್ಷತಾ ಕಾಯ್ದೆಯಂತೆ ತಿಂಡಿ ಮಾಡಿ ಮಾರುವ ಸಣ್ಣ ಗುಂಪುಗಳಿಗೂ ಎಫ್‌.ಎಸ್‌.ಎಸ್‌.ಎ.ಐ. ನೋಂದಣಿ ಬೇಕು, ಸ್ಟಾಲಿಗೆ ಹೆಸರು ಕೊಡುವ ಮೊದಲೇ ಅದನ್ನು ಮಾಡಿಸಿಕೊಳ್ಳಿ. ಸಂಜೆ ಉಳಿದ ಗೊಜ್ಜನ್ನು ಲೆಕ್ಕದ ಪುಸ್ತಕದಲ್ಲಿ ನಷ್ಟ ಎಂದು ಬರೆದು ಬಿಸಾಡಿಬಿಡಿ, ಮರುದಿನದ ಬಟ್ಟಲಿಗೆ ಸೇರಿಸಬೇಡಿ.