ಇಷ್ಟು ಕಮ್ಮಿಗೆ ಯಾಕಪ್ಪಾ ಸೈನ್ ಮಾಡ್ದೆ?

'ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್' ಅನ್ನೋ ಗೇಮ್‌ನಲ್ಲಿ ಬ್ಯಾಟ್ ಬೀಸೋ ಕೆಲಸವೇ ಇಲ್ಲ. ನಾವು ಟೀಮಿನ ಜನರಲ್ ಮ್ಯಾನೇಜರ್. ಯಾರನ್ನ ಇಟ್ಕೊಳ್ಳೋದು, ಯಾರಿಗೆ ಎಷ್ಟು ದುಡ್ಡು ಕೊಡೋದು, ಇದೇ ಆಟ. ಹಾಸ್ಟೆಲ್‌ನಲ್ಲಿ ನಾವು ಕೆಲವರು ಸೇರಿ ಒಂದು ಲೀಗ್ ನಡೆಸ್ತೀವಿ. ಅದು ಇನ್ನೇನು ನಿಂತೇ ಹೋಗೋದ್ರಲ್ಲಿತ್ತು. ಕಾರಣ, ಕಾಂಟ್ರಾಕ್ಟ್ ಎಕ್ಸ್‌ಟೆನ್ಷನ್.

ಐಪಿಎಲ್ ಹರಾಜು ನೋಡಿ ಬೆಳೆದ ನಮಗೆ ಇದು ಸ್ವಲ್ಪ ವಿಚಿತ್ರ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಹೊಸ ಆಟಗಾರ ಸಾಮಾನ್ಯವಾಗಿ 6 ವರ್ಷದ ಸರ್ವಿಸ್ ಮುಗಿಯೋವರೆಗೆ ಒಂದೇ ಟೀಮಿನ ಹಿಡಿತದಲ್ಲಿರ್ತಾನೆ. ಮೊದಲ ಮೂರು ವರ್ಷ ಹೆಚ್ಚು ಕಮ್ಮಿ ಕನಿಷ್ಠ ಸಂಬಳ, ಆಮೇಲೆ ಪಂಚಾಯ್ತಿ ಮೂಲಕ ಏರಿಕೆ, ಕೊನೆಗೆ ಫ್ರೀ ಏಜೆಂಟ್. ಅದಕ್ಕೂ ಮೊದಲೇ "ಈಗಲೇ ದುಡ್ಡು ತಗೋ, ಮುಂದಿನ ವರ್ಷಗಳನ್ನ ನಮಗೆ ಬರ್ಕೊಡು" ಅಂತ ಟೀಮ್ ಮಾಡ್ಕೊಳ್ಳೋ ಒಪ್ಪಂದಾನೇ ಎಕ್ಸ್‌ಟೆನ್ಷನ್.

ಗೇಮ್‌ನಲ್ಲಿ ನಮ್ಮ ಯುವ ಸ್ಟಾರ್‌ಗಳು ಒಬ್ಬರಾದ ಮೇಲೊಬ್ಬರು ಇದಕ್ಕೆ ತಲೆಯಾಡಿಸ್ತಾರೆ. ಹತ್ತು ಸೀಸನ್ ಅದೇ ಟೀಮ್, ಅದೇ ಕಪ್. ಯಾರಿಗೆ ಬೇಕು ಇಂಥ ಗೆಲುವು?

ಹಾಗಂತ ಕಮ್ಮಿಗೆ ಸೈನ್ ಮಾಡೋದೇ ಸುಳ್ಳು ಅನ್ನೋ ಹಾಗಿಲ್ಲ. 2019ರಲ್ಲಿ ಅಟ್ಲಾಂಟಾ ಬ್ರೇವ್ಸ್‌ನ 22 ವರ್ಷದ ಓಝಿ ಆಲ್ಬೀಸ್ 7 ವರ್ಷಕ್ಕೆ 3.5 ಕೋಟಿ ಡಾಲರ್‌ಗೆ ಒಪ್ಕೊಂಡ. ಇದೇನು ಇಷ್ಟು ಅಗ್ಗ ಅಂತ ಆಗಲೇ ಎಲ್ಲರೂ ಬಾಯಿ ಬಡ್ಕೊಂಡ್ರು. ಆದ್ರೆ ಅವನ ಕಡೆಯಿಂದ ಯೋಚಿಸಿ: ನಾಳೆ ಮೊಣಕೈ ಹೋದ್ರೆ? ಟೀಮಿಗೆ ಅವನು ಇಪ್ಪತ್ತಾರು ಜನರಲ್ಲಿ ಒಬ್ಬ, ಅವನಿಗೆ ಇರೋದು ಒಂದೇ ದೇಹ. ಪ್ರಾಬಬಿಲಿಟಿ ಕ್ಲಾಸಿನ ಎಕ್ಸ್‌ಪೆಕ್ಟೆಡ್ ವ್ಯಾಲ್ಯೂ ಒಬ್ಬ ಮನುಷ್ಯನ ಭಯವನ್ನ ಲೆಕ್ಕ ಹಾಕಲ್ಲ.

ಸಮಸ್ಯೆ ಅಂದ್ರೆ, ಗೇಮ್‌ನಲ್ಲಿ ಎಲ್ಲರೂ ಆಲ್ಬೀಸೇ. ನಿಜ ಜೀವನದಲ್ಲಿ ಆರನ್ ಜಡ್ಜ್ ಇದ್ದಾನೆ. 2022ರ ಸೀಸನ್‌ಗೆ ಮೊದಲು ಯಾಂಕೀಸ್ ಕೊಟ್ಟ 7 ವರ್ಷ, 21.35 ಕೋಟಿ ಡಾಲರ್ ಆಫರ್ ಬೇಡ ಅಂದ, ಆ ಸೀಸನ್‌ನಲ್ಲೇ 62 ಹೋಮ್ ರನ್ ಹೊಡೆದ, ಅದೇ ಯಾಂಕೀಸ್ ಹತ್ರ 9 ವರ್ಷಕ್ಕೆ 36 ಕೋಟಿ ತಗೊಂಡ. ಹುವಾನ್ ಸೋಟೋ 2022ರಲ್ಲಿ 15 ವರ್ಷಕ್ಕೆ 44 ಕೋಟಿ ಬಿಟ್ಟ. 2024ರ ಡಿಸೆಂಬರ್‌ನಲ್ಲಿ ಮೆಟ್ಸ್ ಅವನಿಗೆ 15 ವರ್ಷಕ್ಕೇ 76.5 ಕೋಟಿ ಕೊಡ್ತು.

ಈ ವ್ಯತ್ಯಾಸ ಬರೀ ರೇಟಿಂಗ್‌ನಿಂದ ಬಂದಿದ್ದಲ್ಲ. ಹೊರಗೆ ಹಲವು ಟೀಮ್‌ಗಳು ಪೈಪೋಟಿಗೆ ನಿಂತಿದ್ವು. ಎಕ್ಸ್‌ಟೆನ್ಷನ್ ಟೇಬಲ್‌ನಲ್ಲಿ ಕೊಳ್ಳೋನು ಒಬ್ಬನೇ. ನಿಜವಾದ ಆಟಗಾರನ ಕಿವಿಯಲ್ಲಿ "ಇನ್ನೊಂದು ವರ್ಷ ತಡ್ಕೋ" ಅನ್ನೋಕೆ ಏಜೆಂಟ್ ಇರ್ತಾನೆ. ಗೇಮ್‌ನಲ್ಲೂ ದುರಾಸೆ, ನಿಷ್ಠೆ ಅಂತ ಸ್ವಭಾವದ ಗುಣಗಳಿವೆ, ಅದು ಮೆಚ್ಚಬೇಕಾದ್ದೇ. ಆದ್ರೂ ನಾವು ಆಡಿದ ಮಟ್ಟಿಗೆ, ಅವನ ಮನಸಲ್ಲಿರೋ ಸಂಖ್ಯೆಗಿಂತ ಒಂಚೂರು ಜಾಸ್ತಿ ಕೊಟ್ರೆ ಕಥೆ ಮುಗೀತು.

ಅದಕ್ಕೇ ನಮ್ಮದೇ ರೂಲ್ಸ್ ಮಾಡ್ಕೊಂಡಿದೀವಿ. ಫ್ರೀ ಏಜೆಂಟ್ ಆಗೋಕೆ ಒಂದೇ ವರ್ಷ ಬಾಕಿ ಇದ್ರೆ ಎಕ್ಸ್‌ಟೆನ್ಷನ್ ಇಲ್ಲ. ಒಂದು ಟೀಮಿಗೆ ಒಂದು ಹೊತ್ತಲ್ಲಿ ಇಬ್ಬರಿಗೆ ಮಾತ್ರ. ಅದೂ ನಾಣ್ಯ ಚಿಮ್ಮಿ, ಹೆಡ್ಸ್ ಬಿದ್ರೆ ಮಾತ್ರ ಮಾತುಕತೆ. ಹೋದ ವಾರ ಲೀಗಿನ ಬೆಸ್ಟ್ ಶಾರ್ಟ್‌ಸ್ಟಾಪ್‌ಗೆ ಟೇಲ್ಸ್ ಬಿತ್ತು. ಈಗ ನಾಲ್ಕು ರೂಮ್‌ಗಳಲ್ಲೂ ಅವನಿಗೋಸ್ಕರ ದುಡ್ಡು ಉಳಿಸ್ತಿದಾರೆ.