ಹೆಂಚಿನ ಮಾಡುಗಳ ಮೇಲೆ ಬಿದಿರಿನ ಹಬ್ಬ

ಸಾಲು ಸಾಲು ಹೆಂಚಿನ ಮಾಡುಗಳ ಮೇಲೆ ಹಸಿರು ಬಿದಿರುಗಳು ಗಾಳಿಗೆ ತೂಗುತ್ತಿವೆ. ಕೊಂಬೆಗಳ ತುಂಬ ಬಣ್ಣದ ಕಾಗದದ ಪಟ್ಟಿಗಳು. ಅವುಗಳ ನಡುವೆ ಕಲ್ಲಂಗಡಿ ಹೋಳು, ಸೋರೆಬುರುಡೆ, ಸಾಕೆ ಎಂಬ ಅಕ್ಕಿಮದ್ಯ ಕುಡಿಯುವ ಬಟ್ಟಲು, ಅಬಾಕಸ್, ಅಂಗಡಿಯ ಲೆಕ್ಕದ ಪುಸ್ತಕ. ದೂರದಲ್ಲಿ ಫ್ಯೂಜಿ ಪರ್ವತ. ಕಲಾವಿದ ಉತಗಾವಾ ಹಿರೋಶಿಗೆ 1857ರಲ್ಲಿ ರಚಿಸಿದ ಈ ಮರದಚ್ಚಿನ ಚಿತ್ರ, ‘ಎಡೋದ ನೂರು ಪ್ರಸಿದ್ಧ ನೋಟಗಳು’ ಸರಣಿಯದು. ಎಡೋ ಎಂದರೆ ಇಂದಿನ ಟೋಕಿಯೊ.

ಚಿತ್ರದಲ್ಲಿರುವ ಹಬ್ಬದ ಹೆಸರು ತಾನಾಬಾತಾ; ಅದರ ಹಿಂದೊಂದು ಕಥೆಯಿದೆ. ನೇಯ್ಗೆಯ ಒರಿಹಿಮೆ, ದನಗಾಹಿ ಹಿಕೊಬೊಶಿ ಮದುವೆಯಾದ ಮೇಲೆ ಕೆಲಸ ಮರೆತರಂತೆ. ಸಿಟ್ಟಾದ ಅವಳ ಅಪ್ಪ ಇಬ್ಬರನ್ನೂ ಆಕಾಶಗಂಗೆಯ ಆಚೀಚೆ ದಡಕ್ಕೆ ಅಟ್ಟಿದ. ಏಳನೇ ತಿಂಗಳ ಏಳನೇ ರಾತ್ರಿ ಮಾತ್ರ ಅವರ ಭೇಟಿ. ನಮ್ಮ ಪಂಚಾಂಗದ ಅಭಿಜಿತ್ ಮತ್ತು ಶ್ರವಣ ನಕ್ಷತ್ರಗಳೇ ಈ ಜೋಡಿ. ಅಂದು ಜನ ತಮ್ಮ ಕೋರಿಕೆಯನ್ನು ಕಾಗದದಲ್ಲಿ ಬರೆದು ಬಿದಿರಿಗೆ ಕಟ್ಟುತ್ತಾರೆ. ವ್ಯಾಪಾರಿಗಳ ಪೇಟೆಗೆ ಬೇಕಾದದ್ದು ಒಳ್ಳೆಯ ವಹಿವಾಟು. ಅಬಾಕಸ್ ಬಿದಿರೇರಿದ್ದು ಅದಕ್ಕೇ.

1855ರ ನವೆಂಬರಿನಲ್ಲಿ ಭೂಕಂಪ ಮತ್ತು ಬೆಂಕಿ ಎಡೋವನ್ನು ನೆಲಕಚ್ಚಿಸಿದ್ದವು. ಹಿರೋಶಿಗೆ ಅಗ್ನಿಶಾಮಕ ದಳದ ಅಧಿಕಾರಿಯ ಮನೆತನದವನು; ಊರು ಸುಡುವುದೆಂದರೇನು ಎಂದು ಬಲ್ಲವನು. ಎರಡೇ ವರ್ಷದಲ್ಲಿ ಅವನು ತೋರಿಸಿದ್ದು ಅವಶೇಷವನ್ನಲ್ಲ, ಮತ್ತೆ ಲೆಕ್ಕ ಬರೆಯಲು ಕುಳಿತ ಊರನ್ನು. ಚಿತ್ರದ ಶೀರ್ಷಿಕೆಯಲ್ಲೇ ಪಟ್ಟಣದ ಸಮೃದ್ಧಿಯ ಮಾತಿದೆ.

ಇಂಥ ಚಿತ್ರ ಒಬ್ಬನ ಕೈಕೆಲಸವಲ್ಲ. ಪ್ರಕಾಶಕ ಉವೊಯಾ ಎಯ್ಕಿಚಿ ಹಣ ಹೂಡಿದ. ಹಿರೋಶಿಗೆ ತೆಳು ಕಾಗದದಲ್ಲಿ ರೇಖಾಚಿತ್ರ ಬರೆದ. ಕೆತ್ತುವವನು ಅದನ್ನು ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸಿ, ಗೆರೆಗಳನ್ನಷ್ಟೇ ಉಳಿಸಿ ಮಿಕ್ಕದ್ದನ್ನು ಕೊರೆದು ತೆಗೆಯುತ್ತಿದ್ದ. ಬಣ್ಣಗಳಿಗೆ ಬೇರೆ ಬೇರೆ ಹಲಗೆ. ಹಲಗೆಯ ಅಂಚಿನಲ್ಲಿ ಕೊರೆದ ಗುರುತಿಗೆ ಕಾಗದವನ್ನು ಸರಿಯಾಗಿ ಕೂರಿಸಿದರೆ ಬಣ್ಣ ಗೆರೆ ದಾಟದು. ಆಮೇಲೆ ಮುದ್ರಕ, ಬಿದಿರಿನ ಪೊರೆ ಸುತ್ತಿದ ‘ಬಾರೆನ್’ ಎಂಬ ದುಂಡು ಸಾಧನದಿಂದ ಕಾಗದದ ಬೆನ್ನನ್ನು ಉಜ್ಜುತ್ತಿದ್ದ. ಆಕಾಶದ ಕಡುನೀಲಿ ತಿಳಿಯಾಗುತ್ತ ಹೋಗುವ ಸೊಗಸು ಅವನದೇ ಕೈಚಳಕ: ಹಲಗೆಯನ್ನು ಒದ್ದೆ ಮಾಡಿ, ಬಣ್ಣವನ್ನು ಒಂದು ಕಡೆ ಗಾಢವಾಗಿ, ಇನ್ನೊಂದು ಕಡೆ ತೆಳುವಾಗಿ ಹರಡುತ್ತಿದ್ದ. ಒಂದೊಂದು ಪ್ರತಿಗೂ ಮತ್ತೆ ಅದೇ ಕೆಲಸ. ಹೀಗಾಗಿ ಎರಡು ಪ್ರತಿಗಳ ಆಕಾಶ ಪೂರ್ತಿ ಒಂದೇ ಥರ ಇರುವುದಿಲ್ಲ.

1858ರಲ್ಲಿ ಹಿರೋಶಿಗೆ ತೀರಿಕೊಂಡ. ಸರಣಿಯ ಪೂರ್ಣ ಸಂಪುಟವೊಂದು ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂನಲ್ಲಿದೆ; ಅದರ ಜಾಲತಾಣದಲ್ಲಿ ಚಿತ್ರಗಳನ್ನು ಬಿಟ್ಟಿಯಾಗಿ ನೋಡಬಹುದು. ನೋಡುವಾಗ ಫ್ಯೂಜಿಯ ಕಡೆಗೆ ಆಮೇಲೆ ಹೋಗಿ, ಮೊದಲು ಲೆಕ್ಕದ ಪುಸ್ತಕವನ್ನು ಹುಡುಕಿ.